ಯಾರೋ ಒಬ್ಬರನ್ನ ನೋಡಿ ಮಾಡಿದ ಫೋನುಗಳು

ಜಪಾನಿನ ರೈಲಲ್ಲಿ ಫೋನಲ್ಲಿ ಮಾತಾಡೋ ಹಾಗಿಲ್ಲ. ಕಾನೂನೇನೂ ಅಲ್ಲ, ಆದ್ರೆ ಮೈಕಲ್ಲಿ ಹೇಳ್ತಾನೇ ಇರ್ತಾರೆ, ಫೋನ್ ಸೈಲೆಂಟ್‌ಗೆ ಹಾಕಿ, ದಯವಿಟ್ಟು ಮಾತಾಡ್ಬೇಡಿ ಅಂತ, ಜನನೂ ಹಾಗೇ ನಡ್ಕೋತಾರೆ. ಟೋಕಿಯೊ ಸುತ್ತಮುತ್ತ ದಿನಾ ಬೆಳಗ್ಗೆ ಒತ್ತಿಕೊಂಡು ನಿಂತು ಹೋಗೋ ಲಕ್ಷಾಂತರ ಜನ, ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈಯಲ್ಲಿ ಫೋನು, ಬಾಯಿ ಮಾತ್ರ ಬಂದ್. ಇವರಿಗೆ ಒಂದು ಫೋನ್ ಮಾಡ್ಬೇಕು ಅಂತ ಕೂತ್ರೆ ಅದು ಮಾತಾಡೋ ಯಂತ್ರ ಆಗೋಕೆ ಸಾಧ್ಯನೇ ಇಲ್ಲ, ಓದೋ ಬರೆಯೋ ಯಂತ್ರನೇ ಆಗ್ಬೇಕು, ಅದೂ ಒಂದೇ ಹೆಬ್ಬೆರಳಲ್ಲಿ. ಜಪಾನಿನ ಫೋನುಗಳು ಒಂದು ಕಾಲಕ್ಕೆ ಪ್ರಪಂಚಕ್ಕಿಂತ ಎಷ್ಟೋ ವರ್ಷ ಮುಂದೆ ಹೋಗಿದ್ದಕ್ಕೆ ಕಾರಣ ಕೇಳಿದ್ರೆ ಎಲ್ಲರೂ ಟೆಕ್ನಾಲಜಿ ಟೆಕ್ನಾಲಜಿ ಅಂತಾರೆ, ನಾನು ಮಾತ್ರ ಈ ರೈಲಿಂದಾನೇ ಶುರು ಮಾಡ್ತೀನಿ.

1999ರ ಫೆಬ್ರವರಿ 22ಕ್ಕೆ ಜಪಾನಿನ ಮೊಬೈಲ್ ನೆಟ್‌ವರ್ಕ್ ಕಂಪನಿ ಎನ್‌ಟಿಟಿ ಡೊಕೊಮೊ ಐ-ಮೋಡ್ ಅನ್ನೋ, ಫೋನಲ್ಲೇ ಇಂಟರ್ನೆಟ್ ಕೊಡೋ ಸರ್ವಿಸ್ ಶುರು ಮಾಡ್ತು. ಮೊದಲ ಫೋನ್ ಫುಜಿತ್ಸು ಕಂಪನಿಯ ಎಫ್501ಐ, ಕಪ್ಪು-ಬಿಳುಪು ಸ್ಕ್ರೀನು, ವೇಗ ಬರೀ 9.6 ಕೆಬಿಪಿಎಸ್. ಇವತ್ತಿನ ಒಂದು ವಾಟ್ಸಾಪ್ ಫೋಟೋ ಆ ವೇಗದಲ್ಲಿ ಇಳಿಬೇಕು ಅಂದ್ರೆ ನಿಮಿಷಗಟ್ಟಲೆ ಕಾಯ್ಬೇಕು. ಆದ್ರೂ 2000ದ ಆಗಸ್ಟ್ ಹೊತ್ತಿಗೆ ಒಂದು ಕೋಟಿ ಜನ ಸೇರಿದ್ರು. ಯಾಕೆ ಅಂದ್ರೆ ಅದನ್ನ ಕಟ್ಟಿದ ತಂಡ ವೇಗದ ಬಗ್ಗೆ ತಲೆ ಕೆಡಿಸ್ಕೊಳ್ಳೋ ಬದಲು ಬಳಸೋರ ಬಗ್ಗೆ ತಲೆ ಕೆಡಿಸ್ಕೊಂಡಿತ್ತು. ಆ ತಂಡದಲ್ಲಿದ್ದ ಮಾರಿ ಮಾತ್ಸುನಾಗ ಟೆಲಿಕಾಂ ಎಂಜಿನಿಯರ್ ಅಲ್ಲ, ಉದ್ಯೋಗ ಪತ್ರಿಕೆಯೊಂದರ ಸಂಪಾದಕಿ ಆಗಿದ್ದವರು. ಆಗ ಯುರೋಪಿನಲ್ಲಿ ಫೋನಲ್ಲಿ ಇಂಟರ್ನೆಟ್ ಅಂದ್ರೆ ವ್ಯಾಪ್, ಡಯಲ್ ಮಾಡಿ ಕನೆಕ್ಟ್ ಆಗ್ಬೇಕು, ನಿಮಿಷಕ್ಕೆ ಇಷ್ಟು ಅಂತ ದುಡ್ಡು, ಪುಟ ತೆರೆಯೋದ್ರೊಳಗೆ ಕರೆನ್ಸಿ ಖಾಲಿ. ಐ-ಮೋಡಲ್ಲಿ ಒಂದು ಬಟನ್ ಒತ್ತಿದ್ರೆ ಆಯ್ತು, ಎಷ್ಟು ಹೊತ್ತು ಓದಿದ್ರೂ ಪರವಾಗಿಲ್ಲ, ಎಷ್ಟು ಡೇಟಾ ಬಂತೋ ಅಷ್ಟಕ್ಕೆ ಮಾತ್ರ ಲೆಕ್ಕ, 128 ಬೈಟಿನ ಒಂದು ಪ್ಯಾಕೆಟ್‌ಗೆ 0.3 ಯೆನ್. ಸೈಟ್ ಮಾಡೋಕೆ ಹೊಸ ಭಾಷೆ ಏನೂ ಕಲಿಬೇಕಾಗಿರ್ಲಿಲ್ಲ, ವೆಬ್ ಪುಟ ಬರೆಯೋ ಎಚ್‌ಟಿಎಂಎಲ್‌ನದೇ ಒಂದು ಚಿಕ್ಕ ರೂಪ, ಹಾಗಾಗಿ ಸಣ್ಣಪುಟ್ಟವರೂ ಸೈಟ್ ಮಾಡಿದ್ರು. ಸೈಟ್‌ನವರು ತಿಂಗಳಿಗೆ 100 ಯೆನ್ನೋ 300 ಯೆನ್ನೋ ಕೇಳಿದ್ರೆ ಅದು ಫೋನ್ ಬಿಲ್ಲಲ್ಲೇ ಸೇರ್ಕೊಂಡು ಬರೋದು, ಡೊಕೊಮೊ ಅದರಲ್ಲಿ 9 ಪರ್ಸೆಂಟ್ ಇಟ್ಕೊಂಡು ಉಳಿದ 91 ಸೈಟ್‌ನವರಿಗೇ ಕೊಡೋದು. ಇವತ್ತು ಆ್ಯಪ್ ಸ್ಟೋರ್‌ಗಳು 30 ಪರ್ಸೆಂಟ್‌ವರೆಗೂ ಕಿತ್ಕೊಳ್ಳೋ ಕಾಲದಲ್ಲಿ ಆ 9ನ್ನ ನೆನೆಸ್ಕೊಂಡ್ರೆ ನನಗೆ ಗೌರವ ಬರತ್ತೆ.

ಇದೇ ಐ-ಮೋಡಿಗೆ ಅಂತ ಆ ತಂಡದಲ್ಲಿದ್ದ ಶಿಗೆತಾಕಾ ಕುರಿತಾ ಅನ್ನೋರು 176 ಎಮೋಜಿಗಳ ಸೆಟ್ ಮಾಡಿದ್ದು, ಒಂದೊಂದೂ 12 ಚುಕ್ಕಿ ಅಗಲ 12 ಚುಕ್ಕಿ ಎತ್ತರ, ಅಷ್ಟರಲ್ಲೇ ಬಿಸಿಲು, ಮಳೆ, ಕೊಡೆ, ರೈಲು, ಒಡೆದ ಹೃದಯ. ಇದಕ್ಕಿಂತ ಮುಂಚೆ 1997ರಲ್ಲೇ ಪಯೋನೀರ್ ಮಾಡಿದ ಒಂದು ಫೋನಲ್ಲಿ ಎಮೋಜಿ ಇತ್ತು, ಆದ್ರೆ ಹರಡಿದ್ದು ಐ-ಮೋಡಿಂದ. 2016ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ 176ನ್ನೂ ತನ್ನ ಸಂಗ್ರಹಕ್ಕೆ ಸೇರಿಸ್ಕೊಳ್ತು. ಸರಿಯಾಗೇ ಮಾಡ್ತು.

ಈಗ ಟೈಪ್ ಮಾಡೋ ವಿಷಯಕ್ಕೆ ಬರ್ತೀನಿ, ನನಗೆ ಇದು ತುಂಬ ಇಷ್ಟದ ಭಾಗ. ಜಪಾನೀ ಅಕ್ಷರಮಾಲೆಯ ಕ್ರಮ ಹೇಗಿದೆ ಗೊತ್ತಾ? ಅ, ಕ, ಸ, ತ, ನ, ಹ, ಮ, ಯ, ರ, ವ. ಜೋರಾಗಿ ಓದಿ ನೋಡಿ. ಸ್ವರ ಮೊದಲು, ಆಮೇಲೆ ಗಂಟಲಿಂದ ತುಟಿವರೆಗೆ ಬರೋ ವರ್ಗಗಳು, ಕೊನೆಗೆ ಯ ರ ವ. ನಮ್ಮ ವರ್ಣಮಾಲೆದೇ ನಡಿಗೆ. ಬೌದ್ಧ ಭಿಕ್ಷುಗಳ ಜೊತೆ ಸಿದ್ಧಂ ಲಿಪಿ, ಸಂಸ್ಕೃತದ ಉಚ್ಚಾರಣೆ ಶಾಸ್ತ್ರ ಎಲ್ಲ ಅಲ್ಲಿಗೆ ಹೋಗಿದ್ದರ ಫಲ ಅದು. ಈ ಹತ್ತು ಸಾಲು ಫೋನಿನ ಹತ್ತು ಅಂಕಿ ಬಟನ್ ಮೇಲೆ ಹಾಗೇ ಕೂತವು: 1 ಒತ್ತಿದ್ರೆ ಅ ಸಾಲು, 2 ಒತ್ತಿದ್ರೆ ಕ ಸಾಲು, ಕ ಕಿ ಕು ಕೆ ಕೊ. ಅದರ ಮೇಲೆ ಸೋನಿಯ ಸಂಶೋಧಕ ತೋಶಿಯುಕಿ ಮಾಸುಯಿ ಮಾಡಿದ ಪಿಒಬಾಕ್ಸ್ ಅನ್ನೋ ಪದ ಊಹಿಸೋ ಸಾಫ್ಟ್‌ವೇರು, ಎರಡು ಅಕ್ಷರ ಹಾಕೋದ್ರೊಳಗೆ ನಿಮಗೆ ಬೇಕಾದ ಪದ ಕೆಳಗೆ ಬಂದು ಕೂತಿರೋದು, ಒಂದು ಪದ ಆದ್ಮೇಲೆ ಮುಂದಿನ ಪದವನ್ನೂ ಅದೇ ಸೂಚಿಸೋದು. ಅದೇ ಮಾಸುಯಿ ಆಮೇಲೆ ಆಪಲ್‌ಗೆ ಹೋಗಿ ಐಫೋನಿನ ಜಪಾನೀ ಕೀಬೋರ್ಡ್ ಮಾಡಿದ್ರು, ಬಟನ್ ಮೇಲೆ ಬೆರಳಿಟ್ಟು ಎಡಕ್ಕೆ ಮೇಲಕ್ಕೆ ಬಲಕ್ಕೆ ಕೆಳಕ್ಕೆ ಸರಿಸಿದ್ರೆ ಸ್ವರ ಬದಲಾಗೋ ಕೀಬೋರ್ಡು.

ಇತ್ತ ನಮ್ಮದೇನು ಕತೆ? ಆ ಕ್ರಮದ ತವರೇ ನಮ್ಮ ಕಡೆ, ಆದ್ರೆ ನಮ್ಮ ಫೋನುಗಳಲ್ಲಿ ಕನ್ನಡ ಮೆಸೇಜ್ ಬಂದ್ರೆ ಸಾಲಾಗಿ ಡಬ್ಬಗಳು ಕಾಣೋವು. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಮೂಡೋ ವ್ಯವಸ್ಥೆ ಅಧಿಕೃತವಾಗಿ ಸೇರಿದ್ದೇ 2012ರ 4.1ರಲ್ಲಿ. ಅಲ್ಲಿವರೆಗೂ ಅಮ್ಮನಿಗೆ ಮೆಸೇಜ್ ಮಾಡ್ಬೇಕಂದ್ರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀಬೇಕು, ಅವಳು ಅದನ್ನ ಅಕ್ಷರ ಕೂಡಿಸ್ಕೊಂಡು ಓದ್ಬೇಕು. ಕೋಟಿಗಟ್ಟಲೆ ಫೋನ್ ಮಾರಾಟ ಆಗೋ ದೇಶ, ಕೊಳ್ಳೋರ ಭಾಷೆ ನೋಡಿ ಫೋನ್ ಮಾಡೋಕೆ ಯಾರೂ ಇರ್ಲಿಲ್ಲ. ಈ ನೋವು ನನಗೆ ಇನ್ನೂ ಹೋಗಿಲ್ಲ.

ನನಗೆ ಈ ಫೋನುಗಳ ಪರಿಚಯ ಆಗಿದ್ದು ಬೆಂಗಳೂರಲ್ಲೇ. 2005, 2006ರ ಸುಮಾರಿಗೆ ಇಲ್ಲಿನ ಹಲವು ಕಂಪನಿಗಳಿಗೆ ಜಪಾನಿನ ಫೋನುಗಳ ಸಾಫ್ಟ್‌ವೇರ್ ಕೆಲಸ ಬರ್ತಿತ್ತು, ನಾನಿದ್ದದ್ದೂ ಅಂಥದೇ ಒಂದು ಟೀಮಲ್ಲಿ, ಟೆಸ್ಟಿಂಗ್. ಅಂಗಡಿಯಲ್ಲಿ ನಾವು ನೋಡ್ತಿದ್ದದ್ದು ನೋಕಿಯಾ 1100, ಟೇಬಲ್ ಮೇಲೆ ಇರ್ತಿದ್ದದ್ದು ಬೇರೆ ಲೋಕದ ವಸ್ತು. ಮಡಚೋ ಫೋನು, ತೆರೆದ್ರೆ ಆ ಕಾಲಕ್ಕೆ ನಾವು ಲ್ಯಾಪ್‌ಟಾಪಲ್ಲೂ ನೋಡಿರದಂಥ ಸ್ಕ್ರೀನು. ಮೆನು ಪೂರ್ತಿ ಜಪಾನೀಯಲ್ಲಿ, ನಾವು ಓದೋಕೆ ಬರದೇ ಇದ್ರೂ ಜಾಗದ ಮೇಲೆ ಕಲ್ತಿದ್ವಿ, ಮೂರನೇದು ಅದು ಐದನೇದು ಇದು ಅಂತ. ಇಲ್ಲಿ ಆ ಫೋನುಗಳಿಗೆ ಸಿಗ್ನಲ್ಲೇ ಸಿಗ್ತಿರ್ಲಿಲ್ಲ. ಡೊಕೊಮೊ ತನ್ನ 3ಜಿಯನ್ನ 2001ರ ಅಕ್ಟೋಬರ್ 1ಕ್ಕೇ ಫೋಮಾ ಅನ್ನೋ ಹೆಸರಲ್ಲಿ ಶುರು ಮಾಡಿತ್ತು, ನಮ್ಮಲ್ಲಿ ಖಾಸಗಿ ಕಂಪನಿಗಳ 3ಜಿ ಬಂದಿದ್ದು 2010ರ ಕೊನೆಗೆ. ಹಾಗಾಗಿ ಜಪಾನಿನ ನೆಟ್‌ವರ್ಕ್ ಥರ ನಟಿಸೋ ಒಂದು ಯಂತ್ರಕ್ಕೆ ವೈರ್ ಹಾಕಿ ಟೆಸ್ಟ್ ಮಾಡ್ತಿದ್ವಿ. ನನ್ನನ್ನ ಅಲ್ಲಾಡಿಸಿದ್ದು ಆ ಫೋನುಗಳ ಸ್ಪೆಕ್ ಡಾಕ್ಯುಮೆಂಟುಗಳು, ಅಂದ್ರೆ ಫೋನು ಯಾವಾಗ ಏನು ಮಾಡ್ಬೇಕು ಅಂತ ಬರೆದಿಡೋ ಪುಸ್ತಕಗಳು. ಮೇಲ್ ಬರೀತಾ ಇದ್ದಾಗ ಯಾರೋ ಫೋನ್ ಮುಚ್ಚಿದ್ರೆ ಏನಾಗ್ಬೇಕು, ಅದೇ ಕ್ಷಣಕ್ಕೆ ಕಾಲ್ ಬಂದ್ರೆ ಏನು, ಆ ಕಾಲ್ ಮುಗಿದು ಮತ್ತೆ ತೆರೆದ್ರೆ ಬರೀತಿದ್ದ ಸಾಲು ಎಲ್ಲಿರ್ಬೇಕು, ಇದನ್ನೆಲ್ಲ ಪುಟಗಟ್ಟಲೆ ಬರೆದಿದ್ರು. ಓದ್ತಾ ಓದ್ತಾ ಅರ್ಥ ಆಯ್ತು, ಇವರು ರೈಲು ಇಳಿಯೋ ಸ್ಟೇಷನ್ ಬಂತು ಅಂತ ಅರ್ಧ ಬರೆದ ಮೇಲನ್ನ ಪಟ್ ಅಂತ ಮುಚ್ಚಿ ಜೇಬಿಗೆ ಹಾಕ್ಕೊಳ್ಳೋ ಒಬ್ಬ ಮನುಷ್ಯನನ್ನ ಕಣ್ಮುಂದೆ ಇಟ್ಕೊಂಡು ಬರೀತಿದ್ದಾರೆ.

ಆಮೇಲೆ ಕೆಲವು ತಿಂಗಳು ಯೋಕೋಹಾಮಾದಲ್ಲಿ ಇರೋ ಅವಕಾಶ ಸಿಕ್ತು, ಆ ಮನುಷ್ಯನನ್ನ ದಿನಾ ರೈಲಲ್ಲಿ ನೋಡಿದೆ.

ಅಲ್ಲಿನ ಸ್ಟೇಷನ್ ಗೇಟಿನ ಬಗ್ಗೆ ಹೇಳ್ಲೇಬೇಕು. ಸೋನಿಯ ಫೆಲಿಕಾ ಅನ್ನೋ ಚಿಪ್ಪು, ಕಾರ್ಡನ್ನ ಮುಟ್ಟಿಸಿದ್ರೆ ಸಾಕು ಅನ್ನೋ ಟೆಕ್ನಾಲಜಿ, ದೊಡ್ಡ ಮಟ್ಟದಲ್ಲಿ ಮೊದಲು ಬಳಕೆಗೆ ಬಂದಿದ್ದು ಹಾಂಗ್‌ಕಾಂಗಿನ ಆಕ್ಟೋಪಸ್ ಕಾರ್ಡಲ್ಲಿ, 1997ಕ್ಕೆ. ಟೋಕಿಯೊದಲ್ಲಿ ಜೆಆರ್ ಈಸ್ಟ್ ರೈಲ್ವೆಯವರು ಸುಯಿಕಾ ಅಂತ ತಂದಿದ್ದು 2001ರ ನವೆಂಬರಲ್ಲಿ. ಒಂದು ಗೇಟಲ್ಲಿ ನಿಮಿಷಕ್ಕೆ 60 ಜನ ದಾಟ್ಬೇಕು ಅನ್ನೋದು ಅವರ ಲೆಕ್ಕ, ಅಂದ್ರೆ ಒಬ್ಬರಿಗೆ ಒಂದೇ ಸೆಕೆಂಡು, ಅದರೊಳಗೆ ಕಾರ್ಡ್ ಓದಿ ದುಡ್ಡು ಕಳೆಯೋ ಕೆಲಸ ಸುಮಾರು 0.2 ಸೆಕೆಂಡಲ್ಲಿ ಮುಗೀಬೇಕು. ಚಿಪ್ಪೇನೋ ಮುಗಿಸ್ತಿತ್ತು. ಶುರು ಮಾಡೋಕೆ ಎಷ್ಟೋ ಮುಂಚೆ, ಪರೀಕ್ಷೆ ಮಾಡ್ತಿದ್ದಾಗ ತೊಂದ್ರೆ ಆಗಿದ್ದು ಜನರ ಕೈಯಲ್ಲಿ: ಕಾರ್ಡನ್ನ ಎಲ್ಲಿ ಹಿಡೀಬೇಕು ಅಂತ ಗೊತ್ತಾಗದೆ ಕೆಲವರು ಮೇಲೇ ಬೀಸ್ಕೊಂಡು ಹೋಗೋರು, ಕೆಲವರು ಉದ್ದುದ್ದ ಹಿಡಿಯೋರು. ಆಗ ಡಿಸೈನರ್ ಶುಂಜಿ ಯಮಾನಾಕ ನಿಜವಾದ ಜನರನ್ನ ಗೇಟಲ್ಲಿ ನಡೆಸಿ, ಗಮನಿಸಿ, ಓದೋ ಫಲಕವನ್ನ ಮುಂದಕ್ಕೆ 13.5 ಡಿಗ್ರಿ ಓರೆ ಮಾಡಿದ್ರು, ಬೆಳಕು ಹಾಕಿದ್ರು. ಅಷ್ಟೇ. ನಡೀತಾ ಬರೋರ ಕೈ ತಾನಾಗೇ ಅಲ್ಲಿಗೆ ಹೋಗಿ ಮುಟ್ಟೋಕೆ ಶುರು ಮಾಡ್ತು. ಇವತ್ತು ಕೋಟ್ಯಂತರ ಜನ ದಿನಾ ಆ ಓರೆಯನ್ನ ಮುಟ್ಕೊಂಡು ಹೋಗ್ತಾರೆ, ಅದನ್ನ ಯಾರೋ ಕೂತು ಯೋಚಿಸಿದ್ದು ಅಂತ ಅವರ ಗಮನಕ್ಕೂ ಬರಲ್ಲ.

2004ರ ಜುಲೈಗೆ ಡೊಕೊಮೊ ಅದೇ ಚಿಪ್ಪನ್ನ ಫೋನೊಳಗೆ ಹಾಕ್ತು, ಫೋನೇ ಪರ್ಸು. 2006ರ ಜನವರಿಗೆ ಸುಯಿಕಾನೂ ಫೋನೊಳಗೆ ಬಂತು. ಮಡಚಿದ ಫೋನನ್ನ ಗೇಟಿಗೆ ತಾಗಿಸಿ ನಿಲ್ಲದೇ ನಡ್ಕೊಂಡು ಹೋಗೋದನ್ನ ಮೊದಲ ಸಲ ನೋಡಿದಾಗ ಮೈ ಜುಮ್ ಅಂದಿತ್ತು. ನಮ್ಮ ಮೆಟ್ರೋದಲ್ಲಿ 2022ರ ನವೆಂಬರಿಂದ ವಾಟ್ಸಾಪಲ್ಲೇ ಕ್ಯೂಆರ್ ಟಿಕೆಟ್ ಸಿಗತ್ತೆ, ಒಳ್ಳೇದೇ, ನಾನೂ ಬಳಸ್ತೀನಿ, ಆದ್ರೆ ಮೆಜೆಸ್ಟಿಕ್ಕಲ್ಲಿ ಸಂಜೆ ಹೊತ್ತು ಗೇಟ್ ಮುಂದೆ ನಿಂತು ಸ್ಕ್ರೀನ್ ಬ್ರೈಟ್ ಮಾಡಿ, ಟಿಕೆಟ್ ಹುಡುಕಿ, ಗಾಜಿಗೆ ಸರಿಯಾಗಿ ಹಿಡಿಯೋದ್ರೊಳಗೆ ಹಿಂದೆ ನಿಂತವರು ಉಸ್ ಅಂತಿರ್ತಾರೆ. ಆ ಸೆಕೆಂಡುಗಳಿಗೆ ಇಷ್ಟು ಬೆಲೆ ಕೊಟ್ಟು ಮೂವತ್ತು ವರ್ಷದ ಹಿಂದೇನೇ ಕೆಲಸ ಮಾಡಿದೋರು ಇದ್ರು.

ಕ್ಯೂಆರ್ ಅಂದೆನಲ್ಲ, ಅದೂ ಜಪಾನಿನವರದೇ. 1994ರಲ್ಲಿ ಡೆನ್ಸೊ ಅನ್ನೋ ಕಾರು ಬಿಡಿಭಾಗದ ಕಂಪನಿಯಲ್ಲಿ ಮಾಸಾಹಿರೊ ಹಾರಾ ಅನ್ನೋ ಎಂಜಿನಿಯರ್ ಮಾಡಿದ್ದು. ಫ್ಯಾಕ್ಟರಿಯಲ್ಲಿ ಒಂದೊಂದು ಪೆಟ್ಟಿಗೆಗೂ ಸಾಲು ಸಾಲು ಬಾರ್‌ಕೋಡ್ ಓದಿಸಿ ಕೆಲಸದವರ ಕೈ ಸೋತುಹೋಗ್ತಿತ್ತು, ಒಂದು ಬಾರ್‌ಕೋಡಲ್ಲಿ 20 ಅಕ್ಷರ ಹಿಡಿದ್ರೆ ಹೆಚ್ಚು. ಹಾರಾ ಮಧ್ಯಾಹ್ನದ ಬಿಡುವಲ್ಲಿ ಗೋ ಆಟ ಆಡೋರು, ಆ ಮಣೆ ಮೇಲಿನ ಕಪ್ಪು ಬಿಳಿ ಕಾಯಿಗಳನ್ನ ನೋಡಿ ಹೊಳೆದಿದ್ದಂತೆ. ಮೂರು ಮೂಲೆಯಲ್ಲಿ ಚೌಕ ಇರತ್ತಲ್ಲ, ಅದರ ಕಪ್ಪು ಬಿಳಿ ಪ್ರಮಾಣ 1:1:3:1:1. ಕರಪತ್ರ, ಮ್ಯಾಗಜೀನು, ರಟ್ಟಿನ ಡಬ್ಬ ಹೀಗೆ ಅಚ್ಚಾದ ಎಲ್ಲದನ್ನೂ ಅಳೆದು, ಎಲ್ಲೂ ಅಷ್ಟಾಗಿ ಕಾಣಿಸದ ಪ್ರಮಾಣ ಯಾವುದು ಅಂತ ಹುಡುಕಿ ತೆಗೆದದ್ದು ಅದು, ಸ್ಕ್ಯಾನರ್‌ಗೆ ಗೊಂದಲ ಆಗ್ಬಾರ್ದು ಅಂತ. ಎಣ್ಣೆ ಮೆತ್ತಿ ಕೊಳಕಾಗೋ ಜಾಗ ಅಲ್ವಾ ಫ್ಯಾಕ್ಟರಿ, ಅದಕ್ಕೇ 30 ಪರ್ಸೆಂಟ್‌ವರೆಗೂ ಹಾಳಾದ್ರೂ ಓದೋ ಹಾಗೆ ಮಾಡಿದ್ರು. ಪೇಟೆಂಟ್ ಇಟ್ಕೊಂಡೂ ಯಾರತ್ರನೂ ದುಡ್ಡು ಕೇಳ್ಲಿಲ್ಲ. 2002ರಲ್ಲಿ ಶಾರ್ಪ್ ಫೋನಲ್ಲಿ ಕ್ಯೂಆರ್ ಓದೋ ಸೌಲಭ್ಯ ಬಂತು. ಇವತ್ತು ಗಾಂಧಿಬಜಾರಿನ ಹೂವಿನ ಬುಟ್ಟಿಗೂ ಎಳನೀರ ಗಾಡಿಗೂ ಆ ಮೂರು ಚೌಕ ಅಂಟಿಸಿದ್ದಾರೆ, ಮಳೆ ಬಿಸಿಲಿಗೆ ಸ್ವಲ್ಪ ಮಾಸಿದ್ರೂ ದುಡ್ಡು ಹೋಗತ್ತೆ. ಫ್ಯಾಕ್ಟರಿ ಕೆಲಸದವರ ಕೈ ಸೋಲ್ತಿದೆ ಅಂತ ಮಾಡಿದ್ದು ಎಳನೀರು ಮಾರೋರವರೆಗೂ ಬಂತು.

ಕ್ಯಾಮೆರಾ ಫೋನ್ ಕತೆ ಎಲ್ಲರಿಗೂ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀನಿ: 1999ರಲ್ಲಿ ಕ್ಯೋಸೆರಾ ವಿಪಿ-210, 2000ದ ನವೆಂಬರಲ್ಲಿ ಶಾರ್ಪ್ ಜೆ-ಎಸ್‌ಎಚ್04, ಎರಡನೇದರಲ್ಲಿ ಫೋಟೋ ತೆಗೆದು ಇಮೇಲಲ್ಲೇ ಕಳಿಸ್ಬಹುದಿತ್ತು, 1.1 ಲಕ್ಷ ಪಿಕ್ಸೆಲ್. ಲೆನ್ಸ್ ಪಕ್ಕ ಒಂದು ಪುಟ್ಟ ಕನ್ನಡಿ ಇಟ್ಟಿದ್ರು, ತಮ್ಮ ಮುಖ ತಾವೇ ತೆಗೆಯೋರು ಸರಿಯಾಗಿ ನೋಡ್ಕೊಳ್ಳಲಿ ಅಂತ. ಸೆಲ್ಫಿ ಅನ್ನೋದು ನಮ್ಮ ಬಾಯಿಗೆ ಬರೋಕೂ ಎಷ್ಟೋ ವರ್ಷ ಮುಂಚೆ.

2004 ಒಂದು ವಿಚಿತ್ರ ವರ್ಷ. ಒಂದು ಕಡೆ ಫೋನೇ ಪರ್ಸಾಗ್ತಿದೆ. ಅದೇ ವರ್ಷ ಸ್ಯಾನ್ಯೋ ಮಾಡಿದ ಒಂದು ಫೋನಲ್ಲಿ ಸದ್ದು ಮೂಳೆ ಮೂಲಕ ಹೋಗೋದು, ಗಲಾಟೆ ಜಾಗದಲ್ಲಿ ಫೋನನ್ನ ಕೆನ್ನೆಗೋ ಕಿವಿ ಹಿಂದಿನ ಮೂಳೆಗೋ ಒತ್ತಿ ಹಿಡ್ಕೊಂಡ್ರೆ ಮಾತು ಕೇಳಿಸೋದು. ಅದೇ ವರ್ಷ ಕ್ಯೋಸೆರಾ ಮಾಡಿದ ತೂಕಾ ಎಸ್ ಅನ್ನೋ ಫೋನಲ್ಲಿ ಸ್ಕ್ರೀನೇ ಇಲ್ಲ! ನಂಬರ್ ಒತ್ತು, ಮಾತಾಡು, ಇಡು, ಮನೆ ಫೋನ್ ಬಳಸಿ ಗೊತ್ತಿದ್ರೆ ಇದನ್ನೂ ಬಳಸ್ಬಹುದು. ಪ್ರಪಂಚದಲ್ಲೇ ಅತಿ ಸಂಕೀರ್ಣ ಫೋನ್ ಮಾಡೋ ದೇಶದಲ್ಲಿ ಅತಿ ಸರಳ ಫೋನೂ ಒಟ್ಟಿಗೇ ಬಂತು ಅಂದ್ರೆ, ಅಲ್ಲಿ ಯಾರೋ ಕೂತು ಇದು ಯಾರಿಗೆ, ಅದು ಯಾರಿಗೆ ಅಂತ ಬೇರೆ ಬೇರೆ ಯೋಚಿಸ್ತಿದ್ರು ಅಂತ ತಾನೇ. 2006ರಲ್ಲಿ ಡೊಕೊಮೊ ತಂದ ಮಕ್ಕಳ ಫೋನಲ್ಲಿ ಒಂದು ದಾರ ಇತ್ತು, ಭಯ ಆದಾಗ ಮಗು ಅದನ್ನ ಎಳೆದ್ರೆ ಜೋರಾಗಿ ಅಲಾರಂ ಹೊಡ್ಕೊಳ್ಳೋದು, ಜೊತೆಗೆ ಮಗು ಎಲ್ಲಿದೆ ಅನ್ನೋ ಮಾಹಿತಿ ಮನೆಯವರಿಗೆ ಹೋಗೋದು. ಅದೇ ವರ್ಷದ ಏಪ್ರಿಲ್ 1ರಿಂದ ಫೋನಲ್ಲಿ ಟಿವಿ: ಟಿವಿ ಚಾನೆಲ್ಲಿನ ತರಂಗವನ್ನ 13 ಭಾಗ ಮಾಡಿ, 12 ಮನೆ ಟಿವಿಗೆ, ಒಂದು ಭಾಗ ಫೋನಿಗೆ, ಪುಕ್ಕಟೆ, ಇಂಟರ್ನೆಟ್ಟೂ ಬೇಡ. ಶಾರ್ಪಿನವರು ಅದಕ್ಕಂತಲೇ ಸ್ಕ್ರೀನ್ ಅಡ್ಡಕ್ಕೆ ತಿರುಗೋ ಫೋನ್ ಮಾಡಿದ್ರು. 2015ರಲ್ಲಿ ಕ್ಯೋಸೆರಾದಿಂದ ಸೋಪು ಹಾಕಿ ತೊಳಿಬಹುದಾದ ಸ್ಮಾರ್ಟ್‌ಫೋನ್ ಬಂತು, ಕಿವಿ ಹತ್ರ ಸ್ಪೀಕರ್ ತೂತೇ ಇಲ್ಲ, ಸ್ಕ್ರೀನೇ ನಡುಗಿ ಸದ್ದು ಮಾಡೋದು. ಚಿಕ್ಕ ಮಕ್ಕಳಿರೋ ಮನೆಗೆ ಅಂತ ಮಾಡಿದ್ದು. ಮಗು ಕೈಲಿ ಅನ್ನ ಮೆತ್ಕೊಂಡು ಫೋನ್ ಹಿಡಿಯೋದನ್ನ ನೋಡಿದ ಯಾವ ತಾಯಿಯಾದ್ರೂ ಅದರ ಬೆಲೆ ಹೇಳ್ತಾಳೆ.

ಭೂಕಂಪದ ಎಚ್ಚರಿಕೆನೂ ಅಷ್ಟೇ. 2007ರ ಕೊನೆಯಿಂದ ಡೊಕೊಮೊ ಫೋನುಗಳಿಗೆ ಒಂದು ಜಾಗದ ಎಲ್ಲ ಫೋನಿಗೂ ಒಂದೇ ಸಲ ಎಚ್ಚರಿಕೆ ಕಳಿಸೋ ವ್ಯವಸ್ಥೆ ಬಂತು, ನಂಬರ್ ನಂಬರ್‌ಗೆ ಮೆಸೇಜ್ ಮಾಡೋದಲ್ಲ, ಟವರಿಂದ ರೇಡಿಯೋ ಥರ ಬಿತ್ತರ, ಹಾಗಾಗಿ ನೆಟ್‌ವರ್ಕ್ ತುಂಬಿದ್ರೂ ತಲುಪತ್ತೆ. ನೆಲ ಜೋರಾಗಿ ನಡುಗೋಕೆ ಮುಂಚೆ ಸಿಗೋ ಕೆಲವೇ ಸೆಕೆಂಡು, ಗ್ಯಾಸ್ ಆರಿಸಿ ಮೇಜಿನ ಕೆಳಗೆ ಹೋಗೋಕೆ ಅಷ್ಟು ಸಾಕು. 2023ರ ಅಕ್ಟೋಬರಲ್ಲಿ ಕರ್ನಾಟಕದಲ್ಲಿ ನಮ್ಮೆಲ್ಲರ ಫೋನೂ ಒಟ್ಟಿಗೆ ಕಿರ್ ಅಂತ ಕೂಗಿ, ಕನ್ನಡದಲ್ಲೂ ಮೆಸೇಜ್ ಬಂದು ಎಲ್ಲರೂ ಬೆಚ್ಚಿಬಿದ್ದಿದ್ದು ನೆನಪಿದ್ಯಲ್ಲ, ಅದೂ ಇದೇ ಬಗೆಯ ವ್ಯವಸ್ಥೆಯ ಟೆಸ್ಟಿಂಗು.

ನನ್ನ ಪ್ರಕಾರ ಇವುಗಳಲ್ಲೆಲ್ಲ ಅತಿ ದೊಡ್ಡದು ಮಾತ್ರ ನೋಡೋಕೆ ಏನೂ ಇಲ್ಲದ ಒಂದು ಫೋನು. ಫುಜಿತ್ಸು ಮಾಡ್ತಿದ್ದ ರಾಕುರಾಕು ಫೋನ್, 2001ರಿಂದ, ವಯಸ್ಸಾದವರಿಗೆ. ದಪ್ಪ ಬಟನ್, ದೊಡ್ಡ ಅಕ್ಷರ ಇದೆಲ್ಲ ಯಾರು ಬೇಕಾದ್ರೂ ಮಾಡ್ತಾರೆ. ಇದರಲ್ಲಿ 1, 2, 3 ಅಂತ ಮೂರು ಬಟನ್ ಬೇರೆನೇ ಇರೋವು, ಮಗ, ಮಗಳು, ಡಾಕ್ಟ್ರು ಅಂತ ಇಟ್ಕೊಂಡ್ರೆ ಒತ್ತಿದ್ರೆ ಸಾಕು. ಸ್ಕ್ರೀನಲ್ಲಿ ಇರೋದನ್ನ ಓದಿ ಹೇಳೋದು. ಎಷ್ಟು ಹೆಜ್ಜೆ ನಡೆದ್ರು ಅಂತ ಎಣಿಸೋದು. ಆದ್ರೆ ನಾನು ಹೇಳೋಕೆ ಹೊರಟಿದ್ದು ಅದರ ನಿಧಾನ ದನಿಯ ಬಗ್ಗೆ. ಆ ಕಡೆಯವರು ಎಷ್ಟೇ ಬೇಗ ಮಾತಾಡ್ಲಿ, ಫೋನು ಅದನ್ನ ನಿಧಾನ ಮಾಡಿ ಕೇಳಿಸತ್ತೆ, ಟೇಪ್ ನಿಧಾನ ಓಡಿಸಿದ್ರೆ ದನಿ ದಪ್ಪ ಆಗತ್ತಲ್ಲ ಹಾಗಾಗ್ದೆ, ಅದೇ ದನಿ, ಅದೇ ಶ್ರುತಿ, ಬರೀ ನಿಧಾನ. ಹಾಗಾದ್ರೆ ಮಾತು ಹಿಂದೆ ಬೀಳಲ್ವಾ ಅಂದ್ರೆ, ಮಾತಿನ ನಡುವೆ ಉಸಿರು ತಗೊಳ್ಳೋ ಖಾಲಿ ಜಾಗ ಇರತ್ತಲ್ಲ, ಅದನ್ನ ಕಮ್ಮಿ ಮಾಡಿ ಸರಿದೂಗಿಸ್ಕೊಳ್ಳತ್ತೆ. ಜೊತೆಗೆ ಸುತ್ತ ಗಲಾಟೆ ಇದ್ರೆ ಅದಕ್ಕೆ ತಕ್ಕ ಹಾಗೆ ಮಾತನ್ನ ಸ್ಪಷ್ಟ ಮಾಡೋದು ಬೇರೆ. ವಯಸ್ಸಾದಾಗ ಕಿವಿ ಮಂದ ಆಗೋದು ಅಂದ್ರೆ ಬರೀ ಸದ್ದು ಕಮ್ಮಿ ಕೇಳಿಸೋದಲ್ಲ, ಬೇಗ ಬರೋ ಅಕ್ಷರಗಳನ್ನ ಬಿಡಿಸ್ಕೊಳ್ಳೋಕೆ ಆಗಲ್ಲ, ವಾಲ್ಯೂಮ್ ಜಾಸ್ತಿ ಮಾಡಿದ್ರೆ ಕಿರಿಕಿರಿ ಜಾಸ್ತಿ ಆಗತ್ತೆ ಅಷ್ಟೇ. ಇದನ್ನ ಗೊತ್ತು ಮಾಡ್ಕೊಂಡು ಮಾಡಿದ ಫೋನು. 2011ರ ಹೊತ್ತಿಗೆ ಎರಡು ಕೋಟಿ ರಾಕುರಾಕು ಮಾರಾಟ ಆಗಿತ್ತು.

ನಮ್ಮ ಅಪ್ಪಯ್ಯ ಇರೋದು ತೀರ್ಥಹಳ್ಳಿ ಕಡೆ. ವಿಡಿಯೋ ಕಾಲ್ ಮಾಡಿದ್ರೆ ಮೊಮ್ಮಗಳು ಪಟಪಟ ಅಂತ ಶಾಲೆ ಕತೆ ಹೇಳ್ತಾಳೆ, ಅವರು ನಗ್ತಾ ಇರ್ತಾರೆ, ಆಮೇಲೆ ನನ್ನತ್ರ "ಏನಂತು ಕೂಸು? ಸ್ವಲ್ಪ ಬಿಡ್ಸಿ ಹೇಳೋ ಮಾರಾಯ" ಅಂತಾರೆ. ಅವರ ಕೈಯಲ್ಲಿರೋದು ಮೂರು ಕ್ಯಾಮೆರಾ ಇರೋ ಫೋನು, ನಾವೇ ಕೊಡಿಸಿದ್ದು. ಅದರ ಚಿಪ್ಪು ಆ ಹಳೇ ರಾಕುರಾಕುಗಿಂತ ನೂರಾರು ಪಟ್ಟು ಜೋರು, ಮಾತು ನಿಧಾನ ಮಾಡೋ ಲೆಕ್ಕ ಅದಕ್ಕೆ ಏನೇನೂ ಅಲ್ಲ. ಯೂಟ್ಯೂಬಲ್ಲಿ ಮುಕ್ಕಾಲು ಸ್ಪೀಡಿಗೆ ಹಾಕಿ ಭಾಷಣ ಕೇಳೋದನ್ನ ಅವರೇ ಕಲ್ತಿದ್ದಾರೆ. ಆದ್ರೆ ಮೊಮ್ಮಗಳ ದನಿಗೆ ಆ ಬಟನ್ ಇಲ್ಲ.

ಇಷ್ಟೆಲ್ಲ ಮಾಡಿದ ಕಂಪನಿಗಳು ಎಲ್ಲಿ ಹೋದವು? 2008ರಲ್ಲಿ ಮಿತ್ಸುಬಿಷಿ ಎಲೆಕ್ಟ್ರಿಕ್ ಫೋನ್ ಕೈಬಿಡ್ತು, ಸ್ಯಾನ್ಯೋ ತನ್ನ ಫೋನ್ ವಿಭಾಗವನ್ನ ಕ್ಯೋಸೆರಾಗೆ ಮಾರ್ತು. 2013ರಲ್ಲಿ ಎನ್‌ಇಸಿ ಸ್ಮಾರ್ಟ್‌ಫೋನಿಂದ ಹೊರಬಂತು, ಜಪಾನಲ್ಲಿ ಜನಸಾಮಾನ್ಯರ ಸ್ಮಾರ್ಟ್‌ಫೋನ್ ಮಾಡೋದನ್ನ ಪ್ಯಾನಸೋನಿಕ್ಕೂ ನಿಲ್ಲಿಸ್ತು. ತೋಷಿಬಾ ಫೋನುಗಳು ಫುಜಿತ್ಸು ಜೊತೆ ಸೇರ್ಕೊಂಡಿದ್ವು, ಆ ಫುಜಿತ್ಸುನೂ 2018ರಲ್ಲಿ ಒಂದು ಹೂಡಿಕೆ ಸಂಸ್ಥೆಗೆ ಮಾರಿ ಕೈತೊಳ್ಕೊಳ್ತು, ಹಾಗೆ ಮಾರಿದ ಆ ಫೋನ್ ಕಂಪನಿ ಎಫ್‌ಸಿಎನ್‌ಟಿ 2023ರ ಮೇನಲ್ಲಿ ದಿವಾಳಿ ಆಗಿ ಲೆನೊವೊ ಕೈಗೆ ಹೋಯ್ತು. ಅದೇ ತಿಂಗಳು ಕ್ಯೋಸೆರಾನೂ ಜನಸಾಮಾನ್ಯರ ಫೋನ್ ಬಿಡ್ತೀವಿ ಅಂತು. ಶಾರ್ಪ್ ಇದೆ, ಆದ್ರೆ 2016ರಿಂದ ಅದರ ಒಡೆಯ ತೈವಾನಿನ ಫಾಕ್ಸ್‌ಕಾನ್. ತನ್ನದೇ ಅಂತ ಇನ್ನೂ ನಿಂತಿರೋದು ಸೋನಿ. ಐ-ಮೋಡಿಗೂ ಫೋಮಾಗೂ 2026ರ ಮಾರ್ಚ್ 31 ಕೊನೇ ದಿನ ಅಂತ ಡೊಕೊಮೊ ಎಷ್ಟೋ ಮುಂಚೇನೇ ಹೇಳಿತ್ತು.

ಇದಕ್ಕೆ ಎಲ್ಲರೂ ಕೊಡೋ ಕಾರಣ ಒಂದೇ: ಅವರು ತಮ್ಮ ದ್ವೀಪದಲ್ಲೇ ಕೂತು ತಮಗೆ ಮಾತ್ರ ಆಗೋ ಫೋನ್ ಮಾಡಿದ್ರು, ಹೊರಗಿನ ನಂಟೇ ಇಲ್ಲದೆ ಬೆಳೆದ ಗ್ಯಾಲಪಗೋಸ್ ದ್ವೀಪದ ಪ್ರಾಣಿಗಳ ಹಾಗೆ, ಹೊರಗಿಂದ ಐಫೋನ್ ಬಂದ ಕೂಡ್ಲೇ ಮುಗೀತು. ಜಪಾನೀಯರೇ ಹೀಗೆ ಹೇಳ್ಕೋತಾರೆ. ನನಗೆ ಇದು ಅನ್ಯಾಯದ ಮಾತು ಅನ್ಸತ್ತೆ. ತಮ್ಮವರನ್ನ ಹತ್ತಿರದಿಂದ ನೋಡಿದ್ದು ತಪ್ಪಾಗಿದ್ರೆ ಕ್ಯೂಆರ್, ಎಮೋಜಿ, ಪರ್ಸಾಗೋ ಫೋನು ಇವು ಯಾವೂ ಪ್ರಪಂಚ ಸುತ್ತುತಿರ್ಲಿಲ್ಲ. ತಪ್ಪಿದ್ದು ಬೇರೆ ಕಡೆ. ಫೋನ್ ಮಾಡ್ತಿದ್ದ ಕಂಪನಿಗಳಿಗೆ ಗಿರಾಕಿ ಅಂದ್ರೆ ಜನ ಆಗಿರ್ಲಿಲ್ಲ, ಡೊಕೊಮೊ, ಎಯು, ಸಾಫ್ಟ್‌ಬ್ಯಾಂಕ್ ಅನ್ನೋ ನೆಟ್‌ವರ್ಕ್ ಕಂಪನಿಗಳು ಆಗಿದ್ವು. ಏನೇನು ಇರ್ಬೇಕು ಅಂತ ಹೇಳೋದು ಅವರು, ಸಾವಿರಗಟ್ಟಲೆ ಒಟ್ಟಿಗೆ ಕೊಳ್ಳೋದು ಅವರು, ಅಂಗಡಿಯಲ್ಲಿ ಬೆಲೆ ಇಳಿಸಿ ಮಾರೋದೂ ಅವರೇ. ಡೊಕೊಮೊ ಫೋನಿನ ಮಾಡೆಲ್ ಹೆಸರಲ್ಲಿ ತಯಾರಕರಿಗೆ ಸಿಗ್ತಿದ್ದ ಜಾಗ ಒಂದೆರಡು ಅಕ್ಷರ, ಎಫ್ ಅಂದ್ರೆ ಫುಜಿತ್ಸು, ಎನ್ ಅಂದ್ರೆ ಎನ್‌ಇಸಿ, ಪಿ ಅಂದ್ರೆ ಪ್ಯಾನಸೋನಿಕ್, ಎಸ್‌ಎಚ್ ಅಂದ್ರೆ ಶಾರ್ಪ್. ಹೊರದೇಶಕ್ಕೆ ಹೋಗ್ಬೇಕಂದ್ರೆ ಅಲ್ಲಿ ಅವರ ಬೆನ್ನಿಗೆ ಐ-ಮೋಡ್ ಇಲ್ಲ, ಬಿಲ್ಲಿಂಗ್ ಇಲ್ಲ, ಗೇಟ್ ಇಲ್ಲ. 2007ರಲ್ಲಿ ಸರ್ಕಾರ ಫೋನಿನ ಬೆಲೆ ಬೇರೆ, ಕಾಲ್ ದರ ಬೇರೆ ಮಾಡಿ ಅಂತು, ಮುಂದಿನ ವರ್ಷ ಫೋನಿನ ಮಾರಾಟ ದಡಕ್ಕನೆ ಬಿತ್ತು, ಸರಿಯಾಗಿ ಅದೇ 2008ರ ಜುಲೈ 11ಕ್ಕೆ ಐಫೋನ್ ಜಪಾನಿಗೆ ಬಂತು.

ಇನ್ನೊಂದು ಕಾರಣ ನಾನು ಟೇಬಲ್ ಮೇಲೆ ಕಣ್ಣಾರೆ ನೋಡಿದ್ದು. ವರ್ಷಕ್ಕೆ ಎರಡು ಸಲ ಹೊಸ ಮಾಡೆಲ್ ಸಾಲು ಬರ್ಬೇಕು, ಪ್ರತಿ ಸಾಲಿಗೂ ಹೊಸ ಸೌಲಭ್ಯ ಸೇರ್ಬೇಕು, ಯಾವುದನ್ನೂ ತೆಗೆಯೋ ಹಾಗಿಲ್ಲ. ಸಾಫ್ಟ್‌ವೇರ್ ಒಂದರ ಮೇಲೊಂದು ಪೇರಿಸ್ಕೊಂಡು ಹೋಯ್ತು, ಒಂದು ಕಡೆ ಮುಟ್ಟಿದ್ರೆ ಇನ್ನೆಲ್ಲೋ ಬಿರುಕು. ಟೋಕಿಯೊದಲ್ಲೂ ಬೆಂಗಳೂರಲ್ಲೂ ರಾತ್ರಿ ಹಗಲು ಜನ ಕೂತು ಬಗ್ ಹಿಡೀತಿದ್ವಿ. ಅಷ್ಟು ಒಳ್ಳೇ ಎಂಜಿನಿಯರುಗಳ ಅಷ್ಟು ಶ್ರಮ ಒಂದೇ ಫೋನಿಗೆ ಸುರಿದು, ಆರು ತಿಂಗಳಿಗೆ ಅದು ಹಳತಾಗಿ, ಮತ್ತೆ ಮೊದಲಿಂದ. ಯಾರಿಗೂ ತಲೆ ಎತ್ತಿ ನೋಡೋಕೆ ಪುರುಸೊತ್ತು ಇರ್ಲಿಲ್ಲ.

ಡೊಕೊಮೊ ನಮ್ಮೂರಿಗೂ ಬಂದಿತ್ತು, ನೆನಪಿದ್ಯಾ? 2009ರಲ್ಲಿ ಟಾಟಾ ಡೊಕೊಮೊ. ಸೆಕೆಂಡಿಗೆ ಒಂದು ಪೈಸೆ ಅಂತ ತಂದ್ರು, ಅಲ್ಲಿವರೆಗೂ ಹತ್ತು ಸೆಕೆಂಡ್ ಮಾತಾಡಿದ್ರೂ ನಿಮಿಷದ ದುಡ್ಡು ಹೋಗ್ತಿತ್ತು, ಇವರು ಬಂದ್ಮೇಲೆ ಉಳಿದ ಕಂಪನಿಗಳೂ ದಾರಿಗೆ ಬಂದ್ವು. ಕಾಲೇಜು ಹುಡುಗ್ರು ಮಿಸ್ಡ್ ಕಾಲ್ ಬಿಟ್ಟು ಧೈರ್ಯವಾಗಿ ಕಾಲ್ ಮಾಡೋಕೆ ಶುರು ಮಾಡಿದ್ದೇ ಆಗ. ಆದ್ರೆ ಆ ಹೆಸರಿನ ಜೊತೆ ಆ ಫೋನುಗಳು ಬರ್ಲಿಲ್ಲ. 2014ರಲ್ಲಿ ಡೊಕೊಮೊದವರು ಹೊರಗೆ ಹೋಗ್ತೀವಿ ಅಂದ್ರು, ಕೋರ್ಟು ಮಧ್ಯಸ್ಥಿಕೆ ಅಂತ ಎಳೆದು 2017ರಲ್ಲಿ ಇತ್ಯರ್ಥ ಆಯ್ತು.

ಈಗಲೂ ಜಪಾನ್ ನಮ್ಮೆಲ್ಲರ ಜೇಬಲ್ಲೇ ಇದೆ ಅಂತ ಹೇಳೋರಿದ್ದಾರೆ, ನಿಜನೇ. ಐಫೋನಿನ ಕ್ಯಾಮೆರಾ ಸೆನ್ಸರ್ ಸೋನಿದು, ಆಂಡ್ರಾಯ್ಡ್ ಫೋನುಗಳಲ್ಲೂ ಎಷ್ಟೋ ಸೋನಿದೇ, 2016ರ ಏಪ್ರಿಲಲ್ಲಿ ಕುಮಾಮೊಟೊದಲ್ಲಿ ಭೂಕಂಪ ಆಗಿ ಆ ಫ್ಯಾಕ್ಟರಿ ನಿಂತಾಗ ಪ್ರಪಂಚದ ಕ್ಯಾಮೆರಾ, ಫೋನ್ ಕಂಪನಿಗಳೆಲ್ಲ ದಿಗಿಲು ಬಿದ್ದಿದ್ವು. ಕ್ಯೋಟೊದ ಮುರಾತಾ ಕಂಪನಿ ಮಾಡೋ ಕೆಪಾಸಿಟರುಗಳು ಸಾಸಿವೆ ಕಾಳಿಗಿಂತ ಸಣ್ಣವು, ಒಂದು ಸ್ಮಾರ್ಟ್‌ಫೋನಲ್ಲಿ ಇಂಥ ಕೆಪಾಸಿಟರುಗಳು ಸಾವಿರದ ಹತ್ತಿರ ಇರ್ತವೆ. ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸೆನ್ಸರ್‌ಗೆ ತನ್ನನ್ನ ಹಿಡ್ಕೊಂಡವರು ಯಾರು ಅಂತ ಗೊತ್ತಿರೋಕೆ ಸಾಧ್ಯ ಇಲ್ಲ. ಕೆಪಾಸಿಟರ್ ಮಾಡೋರು ಎಷ್ಟೇ ಜಾಣರಾಗಿದ್ರೂ ಅಪ್ಪಯ್ಯನ ಕಿವಿ ಅವರ ಸ್ಪೆಕ್ ಡಾಕ್ಯುಮೆಂಟಲ್ಲಿ ಬರಲ್ಲ. ಫೋನ್ ಪೂರ್ತಿ ಮಾಡೋರು ಮಾತ್ರ ಅದನ್ನ ಬರೀಬಹುದು, ಈಗ ಪೂರ್ತಿ ಮಾಡೋರು ಇಡೀ ಪ್ರಪಂಚಕ್ಕೆ ಒಂದೇ ಫೋನ್ ಮಾಡ್ತಿದ್ದಾರೆ.

ರಾಕುರಾಕು ಹೆಸರಿನ ಫೋನ್ ಲೆನೊವೊ ಕೆಳಗೂ ಮುಂದುವರೀತಿದೆ, ಜಪಾನಲ್ಲಿ, ಜಪಾನೀ ಭಾಷೆಯಲ್ಲಿ. ತರಿಸಿ ಅಪ್ಪಯ್ಯನ ಕೈಗೆ ಕೊಟ್ರೂ ಉಪಯೋಗ ಇಲ್ಲ. ಅದಕ್ಕೇ ಇದನ್ನ ಓದ್ತಿರೋರಲ್ಲಿ ಫೋನ್ ಸಾಫ್ಟ್‌ವೇರ್ ಬರೆಯೋರು ಇದ್ರೆ, ಬೆಂಗಳೂರಲ್ಲಿ ಇದ್ದೇ ಇರ್ತೀರ, ನೇರವಾಗಿ ಕೇಳ್ತಿದ್ದೀನಿ: ಕಾಲ್ ಬಂದಾಗ ಸ್ಪೀಕರ್ ಬಟನ್ ಇರತ್ತಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಬಟನ್ ಇಡಿ. ಕಾಲ್‌ನ ಸದ್ದನ್ನ ಆ್ಯಪುಗಳು ಮುಟ್ಟೋಕೆ ಆಂಡ್ರಾಯ್ಡ್ ಬಿಡಲ್ಲ, ಹಾಗಾಗಿ ಹೊರಗಿನವರು ಮಾಡೋಕೆ ಆಗಲ್ಲ, ಫೋನ್ ಕಂಪನಿ ಒಳಗಿದ್ದೋರೇ ಮಾಡ್ಬೇಕು. ಬಟನ್ ಮೇಲೆ ಕನ್ನಡದಲ್ಲಿ "ನಿಧಾನ" ಅಂತ ಬರೀರಿ. ಮುಂದಿನ ಪ್ಲ್ಯಾನಿಂಗ್ ಮೀಟಿಂಗಲ್ಲಿ ಈ ವಿಷಯ ಎತ್ತಿ, ಯಾರಿಗೆ ಬೇಕು ಇದು ಅಂತ ಯಾರಾದ್ರೂ ಕೇಳಿದ್ರೆ ನಮ್ಮ ಅಪ್ಪಯ್ಯನಿಗೆ ಬೇಕು ಅಂತ ಹೇಳಿ.